ಕುಪ್ಪಿಯಲ್ಲಿ ಕೊಟ್ಟ ಸೂಪ್ ಮಿಕ್ಸ್ ಯಾಕೆ ಕೆಟ್ಟಿತು: ಕರಾವಳಿಯವರಿಗೆ ದೋಷ ಹುಡುಕುವ ಕೈಪಿಡಿ

ಮಸೂರ್ ಬೇಳೆ, ಹೆಸರು ಕಾಳು, ಅಲಸಂಡೆ, ಒಣಗಿಸಿದ ಕ್ಯಾರೆಟ್ಟು, ನುಗ್ಗೆ ಸೊಪ್ಪು, ಮಸಾಲೆ ಪುಡಿ, ಇದನ್ನೆಲ್ಲ ಗಾಜಿನ ಕುಪ್ಪಿಗೆ ಪದರ ಪದರ ತುಂಬಿಸಿ ಕ್ರಿಸ್‌ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಜೊತೆಗೆ, ಇಲ್ಲಾಂದ್ರೆ ಯಾರದ್ದಾದ್ರೂ ಗೃಹಪ್ರವೇಶಕ್ಕೆ, ಇಲ್ಲಾಂದ್ರೆ ಬೆಂಗ್ಳೂರಲ್ಲಿ ಪಿಜಿಯಲ್ಲಿರೋ ಮಕ್ಕಳಿಗೆ ಕೊಡೋದು ಒಳ್ಳೆ ಐಡಿಯಾನೇ, ಅದ್ರಲ್ಲಿ ಡೌಟಿಲ್ಲ. ಪ್ರಾಬ್ಲಂ ಎಂತ ಅಂದ್ರೆ ಈ ಕುಪ್ಪಿ ಮಿಕ್ಸಿನ ವಿಡಿಯೋಗಳು ಹೆಚ್ಚಿನದ್ದು ಬರೋದು ಗಾಳಿ ಒಣಗಿರೋ ಊರುಗಳಿಂದ, ಅವ್ರು ಆರಾಮಲ್ಲಿ ಉಪ್ಪು, ಟೊಮೆಟೊ ಪುಡಿ, ಈರುಳ್ಳಿ ಪುಡಿ ಎಲ್ಲ ಕಾಳಿನ ಮೇಲೆಯೇ ಸುರಿದು ಮುಚ್ಚಳ ಹಾಕಿ ವರ್ಷ ಇಡ್ತಾರೆ, ಅದನ್ನೇ ನಾವು ಸುರತ್ಕಲ್ಲಲ್ಲೋ ಮಲ್ಪೆಯಲ್ಲೋ ಕೂತು ಮಾಡಿದ್ರೆ ಎರಡು ತಿಂಗಳಲ್ಲಿ ಕುಪ್ಪಿಯೊಳಗೆ ಒಂದು ಇಟ್ಟಿಗೆ ಸಿಗ್ತದೆ.

ಹಾಗಾಗಿ ಇದು ರೆಸಿಪಿ ಅಲ್ಲ. ಕೆಟ್ಟ ಕುಪ್ಪಿ ಕೈಯಲ್ಲಿದ್ರೆ, ಅಥವಾ ಕೊಟ್ಟವ್ರು ಫೋನ್ ಮಾಡಿ "ಎಂತದೋ ಆಗಿದೆ ಮಾರಾಯ್ರೆ" ಅಂದ್ರೆ, ಕಾರಣ ಹುಡುಕೋದು ಹೇಗೆ ಅಂತ ಅಷ್ಟೇ.

ಮೊದ್ಲು ಕುಪ್ಪಿ ಅಲುಗಾಡಿಸ್ಬೇಡಿ

ಎಲ್ಲರೂ ಮೊದ್ಲು ಮಾಡೋದೇ ಕುಪ್ಪಿ ಹಿಡ್ಕೊಂಡು ಗಡಗಡ ಅಲ್ಲಾಡಿಸೋದು. ಅಲ್ಲಾಡಿಸಿದ್ರೆ ಸಾಕ್ಷಿ ಎಲ್ಲ ಹೋಯ್ತು. ಕುಪ್ಪಿ ಗಾಜಿಂದು ಆಗಿರೋದೇ ಅನುಕೂಲ, ಹೊರಗಿಂದಲೇ ನೋಡಿ, ಕೆಟ್ಟಿರೋದು ಎಲ್ಲಿ ಅಂತ, ಯಾಕಂದ್ರೆ ಜಾಗ ನೋಡಿದ್ರೆ ಅರ್ಧ ಕಾರಣ ಅಲ್ಲೇ ಗೊತ್ತಾಗ್ತದೆ.

ಮೇಲ್ಗಡೆ ಮಾತ್ರ, ಮುಚ್ಚಳದ ಹತ್ರ ಒಂದು ಇಂಚು ಮಾತ್ರ ಗಂಟಾಗಿದೆ ಅಥವಾ ಬೂಷ್ಟು ಬಂದಿದೆ ಅಂತಾದ್ರೆ ಎರಡೇ ಸಾಧ್ಯತೆ: ಮುಚ್ಚಳ ಲೀಕ್, ಇಲ್ಲಾಂದ್ರೆ ಹುರಿದದ್ದನ್ನು ಆರುವ ಮೊದ್ಲೇ ತುಂಬಿಸಿದ್ದು. ಬಿಸಿ ಕಾಳಿಂದ ಹೊರಟ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ವಾಪಸ್ ಮೇಲಿನ ಪದರಕ್ಕೇ ಬೀಳ್ತದೆ. ಇವೆರಡರಲ್ಲಿ ಯಾವುದು ಅಂತ ಹೇಳ್ಲಿಕ್ಕೆ ಸಮಯ ನೋಡಿ, ತುಂಬಿಸಿದ ಒಂದೆರಡು ದಿನದಲ್ಲೇ ಕಂಡ್ರೆ ಬಿಸಿ ತುಂಬಿಸಿದ್ದು, ವಾರ ತಿಂಗಳು ಕಳೆದು ನಿಧಾನ ಬಂದ್ರೆ ಮುಚ್ಚಳ.

ನಡುವಿನಲ್ಲಿ ಒಂದು ಪದರ ಮತ್ತು ಅದ್ರ ಅಕ್ಕಪಕ್ಕ ಮಾತ್ರ ಕೆಟ್ಟಿದ್ರೆ ಆ ಪದರದ ಸಾಮಾನೇ ಕಳ್ಳ. ಸರಿ ಒಣಗದ ಕ್ಯಾರೆಟ್, ಮೆತ್ತಗಿನ ಪುನರ್ಪುಳಿ (ಕೋಕಂ) ಸಿಪ್ಪೆ, ಪಸೆ ಇರೋ ಕೊಬ್ಬರಿ, ಇಂಥದ್ದು ಏನಾದ್ರೂ ಅಲ್ಲಿರ್ತದೆ.

ಕೆಳಗೆ ಮಾತ್ರ ಆಗಿದ್ರೆ ಕುಪ್ಪಿ ತೊಳೆದು ಸರಿ ಒಣಗಿಸದೇ ತುಂಬಿಸಿದ್ದಾರೆ ಅಂತ ಅರ್ಥ, ಬಟ್ಟೆಯಲ್ಲಿ ಒರೆಸಿದ್ರೂ ತಳದ ಮೂಲೆಯಲ್ಲಿ ಒಂದೆರಡು ಹನಿ ಉಳಿದೇ ಉಳಿತದೆ. ತೊಳೆದ ಕುಪ್ಪಿಯನ್ನು ಬಿಸಿಲಲ್ಲಿ ಬೋರಲು ಹಾಕಿ ಇಡ್ಬಾರ್ದು, ಬಾಯಿ ಮೇಲೆ ಮಾಡಿ ಓರೆಯಾಗಿ ಇಡ್ಬೇಕು, ಬೋರಲು ಹಾಕಿದ್ರೆ ಒಳಗಿನ ಆವಿ ಹೋಗೋದೆಲ್ಲಿಗೆ?

ಮೇಲಿಂದ ಕೆಳಗೆ ಇಡೀ ಕುಪ್ಪಿ ಒಂದೇ ಸಮ ಮಂಕಾಗಿದೆ, ಎಲ್ಲ ಸ್ವಲ್ಪ ಸ್ವಲ್ಪ ಮೆತ್ತಗೆ ಅಂತಾದ್ರೆ ತುಂಬಿಸಿದ ದಿನದ ಹವೆ ಸರಿ ಇರ್ಲಿಲ್ಲ. ಜುಲೈ ಆಗಸ್ಟಲ್ಲಿ ನಮ್ಮಲ್ಲಿ ಗಾಳಿಯ ತೇವ ಶೇಕಡಾ 85, 90 ಆರಾಮಲ್ಲಿ ದಾಟ್ತದೆ, ಆ ಗಾಳಿಯಲ್ಲಿ ಮೂರು ಗಂಟೆ ತಟ್ಟೆಯಲ್ಲಿ ಹರಡಿಟ್ಟ ಪುಡಿ ಆಮೇಲೆ ಎಷ್ಟು ಒಳ್ಳೆ ಮುಚ್ಚಳ ಹಾಕಿದ್ರೂ ಉಪಯೋಗ ಇಲ್ಲ, ನೀರು ಒಳಗೇ ಬಂದಾಯ್ತಲ್ಲ.

ಇದಕ್ಕೆಲ್ಲ ಮೂಲದಲ್ಲಿ ಇರೋದು ಒಂದೇ ವಿಷ್ಯ. ಮುಚ್ಚಿದ ಕುಪ್ಪಿಯೊಳಗೆ ತೇವ ಒಂದು ಕಡೆ ಕೂತಿರೋದಿಲ್ಲ, ಜಾಸ್ತಿ ಇದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಹೋಗ್ತಾ ಇರ್ತದೆ, ಎಲ್ಲ ಸಮ ಆಗುವವರೆಗೆ. ಹತ್ತು ಸಾಮಾನು ಚಿಪ್ಸಿನ ಹಾಗೆ ಗರಿಗರಿ ಇದ್ದು ಒಂದು ಸಾಮಾನು ಪಸೆ ಇದ್ರೆ ಹತ್ತೂ ಹಾಳು. ಅದಕ್ಕೆ "ನಂದು ಎಲ್ಲ ಒಣಗಿದ್ದೇ ಇತ್ತು, ಕ್ಯಾರೆಟ್ ಒಂದು ಸ್ವಲ್ಪ..." ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಗೆ ತನಿಖೆ ಮುಗೀತು.

ಗಂಟು ಕಟ್ಟಿದೆ, ಪುಡಿ ಗಟ್ಟಿಯಾಗಿದೆ

ಅತೀ ಕಾಮನ್ ಕಂಪ್ಲೇಂಟ್ ಇದೇ. ಇಲ್ಲಿ ಮೊದ್ಲು ಕೇಳ್ಬೇಕಾದ್ದು, ಉಪ್ಪು ಯಾವ್ದು ಹಾಕಿದ್ದು ಅಂತ. ಶುದ್ಧ ಉಪ್ಪು ಗಾಳಿಯ ತೇವ ಶೇಕಡಾ 75 ದಾಟಿದ ಮೇಲೆ ನೀರು ಎಳ್ಕೊಳ್ಳಿಕ್ಕೆ ಶುರು ಮಾಡ್ತದೆ, ಆದ್ರೆ ಕಲ್ಲುಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಸ್ವಲ್ಪ ಇರ್ತದೆ, ಅದು ಶೇಕಡಾ 33ರ ಆಸುಪಾಸಿನಲ್ಲೇ ನೀರು ಎಳೀತದೆ, ಅಂದ್ರೆ ನಮ್ಮ ಊರಲ್ಲಿ ವರ್ಷದ ಯಾವ ದಿನವೂ ಅದಕ್ಕೆ ರಜೆ ಇಲ್ಲ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿಯ ಅಡಿಯಲ್ಲಿ ನೀರು ನಿಲ್ಲೋದು ಇದಕ್ಕೇ. ಕುಪ್ಪಿ ಮಿಕ್ಸಿಗೆ ಕಲ್ಲುಪ್ಪು ಬೇಡವೇ ಬೇಡ, ಪುಡಿ ಉಪ್ಪನ್ನೂ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿ ಬೇರೆ ಸಣ್ಣ ಪ್ಯಾಕೆಟ್ಟಲ್ಲಿ ಹಾಕಿ. ನನ್ನ ಕೇಳಿದ್ರೆ ಉಪ್ಪು ಹಾಕ್ಲೇಬೇಡಿ, ಉಪ್ಪಿಲ್ಲದ ಮನೆ ಯಾವ್ದುಂಟು ಪ್ರಪಂಚದಲ್ಲಿ, ಚೀಟಿಯಲ್ಲಿ "ಉಪ್ಪು ನಿಮ್ಮ ರುಚಿಗೆ" ಅಂತ ಬರೆದ್ರೆ ಸಾಕು.

ಉಪ್ಪು ಇಲ್ದೆಯೂ ಗಂಟಾಗಿದ್ರೆ ಬೆಲ್ಲ, ಟೊಮೆಟೊ ಪುಡಿ, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಇವನ್ನು ನೋಡಿ. ಇವೆಲ್ಲದರಲ್ಲಿ ಸಕ್ಕರೆ ಅಂಶ ಜಾಸ್ತಿ, ಸ್ವಲ್ಪ ತೇವ ಸಿಕ್ಕಿದ್ರೆ ಅಂಟಾಗಿ ಒಂದಕ್ಕೊಂದು ಹಿಡ್ಕೊಳ್ತವೆ. ಸಾರಿಗೆ ಒಂದು ಚೂರು ಬೆಲ್ಲ ಬೇಕೇ ಬೇಕು ಅನ್ನೋರು ನಾವು, ಗೊತ್ತುಂಟು, ಆದ್ರೆ ಅದನ್ನು ಕುಡಿಯುವವ್ರ ಕೈಗೆ ಬಿಡಿ, ಕುಪ್ಪಿಯೊಳಗೆ ಬೇಡ.

ಗಂಟನ್ನು ಕೈಯಲ್ಲಿ ಒತ್ತಿ ನೋಡಿ. ಒತ್ತಿದ್ರೆ ಪುಡಿಯಾಗಿ ಉದುರಿ ಒಳ್ಳೆ ಪರಿಮಳ ಬಂದ್ರೆ ಬರೀ ಉಪ್ಪಿನ ಗಂಟು, ತಿನ್ಲಿಕ್ಕೆ ಎಂತ ತೊಂದ್ರೆ ಇಲ್ಲ, ಬೇಗ ಬಳಸಿ ಅಷ್ಟೇ. ಒತ್ತಿದ್ರೆ ಅಂಟು ಅಂಟು, ಒಡೆದ್ರೆ ಒಳಗೆ ನೂಲಿನ ಹಾಗೆ ಬಿಳಿ ಅಥವಾ ಹಸಿರು ಕಂಡ್ರೆ, ಅಥವಾ ಮುಗ್ಗಲು ವಾಸನೆ ಇದ್ರೆ, ಇಡೀ ಕುಪ್ಪಿ ಕಸಕ್ಕೆ. "ಮೇಲಿನದ್ದು ತೆಗೆದು ಕೆಳಗಿನದ್ದು ಬಳಸ್ತೇನೆ, ಚೆನ್ನಾಗಿ ಕುದಿಸ್ತೇನೆ" ಅಂತ ಹೇಳೋರು ಎಲ್ಲ ಮನೆಯಲ್ಲೂ ಒಬ್ರು ಇರ್ತಾರೆ, ಅವ್ರಿಗೆ ಹೇಳ್ಬೇಕಾದ್ದು ಇಷ್ಟೇ: ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಮಾಡ್ತದೆ, ಅದು ಲಿವರಿಗೆ ಕೆಟ್ಟದ್ದು, ಮನೆ ಅಡುಗೆಯ ಕುದಿತಕ್ಕೆ ಅದು ಹೋಗೋದಿಲ್ಲ, ಮತ್ತೆ ಅದು ಕಣ್ಣಿಗೆ ಕಾಣುವ ಜಾಗದಲ್ಲಿ ಮಾತ್ರ ಇರ್ತದೆ ಅಂತಲೂ ಇಲ್ಲ.

ಮುಚ್ಚಳದ ಮೇಲೆ ಡೌಟಿದ್ರೆ ಟೆಸ್ಟ್ ಸುಲಭ. ಖಾಲಿ ಕುಪ್ಪಿಗೆ ಮುಚ್ಚಳ ಬಿಗಿ ಮಾಡಿ ಉಗುರು ಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಇರೋ ನೀರಿನ ಬಕೆಟಲ್ಲಿ ಪೂರ್ತಿ ಮುಳುಗಿಸಿ ಹಿಡೀರಿ, ಒಳಗಿನ ಗಾಳಿ ಹಿಗ್ಗಿ ಎಲ್ಲಿ ಸಂದು ಉಂಟೋ ಅಲ್ಲಿಂದ ಗುಳ್ಳೆ ಬರ್ತದೆ. ಕುದಿಯೋ ನೀರು ಬೇಡ, ಕುಪ್ಪಿ ಒಡೀತದೆ. ಜಾಮ್, ಉಪ್ಪಿನಕಾಯಿಯ ಹಳೆ ಕುಪ್ಪಿ ಬಳಸೋರು ಮುಚ್ಚಳದ ಒಳಗಿನ ಆ ರಬ್ಬರಿನ ಹಾಗಿರೋ ಉಂಗುರ ನೋಡಿ, ಅದು ಗಟ್ಟಿಯಾಗಿ ಗೀರು ಬಿದ್ದಿದ್ರೆ ಸೀಲ್ ಆಗೋದಿಲ್ಲ. ಒಳಗೆ ತುಕ್ಕಿನ ಚುಕ್ಕೆ ಇದ್ರೆ ಅದೇ ಮುಚ್ಚಳ ಮತ್ತೆ ಬೇಡ. ಮತ್ತೆ ಈ ಕಾರ್ಕಿನ ಮುಚ್ಚಳ, ನೋಡ್ಲಿಕ್ಕೆ ಭಾರಿ ಚಂದ, ಫೋಟೋಗೆ ಓಕೆ, ಕಡಲ ತೀರಕ್ಕೆ ನಾಟ್ ಓಕೆ.

ಕುಪ್ಪಿ ಇಟ್ಟ ಜಾಗ ಕೂಡ ಕೇಳಿ. ಒಲೆಯ ಮೇಲಿನ ಶೆಲ್ಫಲ್ಲಿ ಇಟ್ರೆ ಹಗಲು ಬಿಸಿ ರಾತ್ರಿ ತಂಪು, ಬಿಸಿಯಾದಾಗ ಒಳಗಿನ ಗಾಳಿ ಹೊರಗೆ, ತಂಪಾದಾಗ ಹೊರಗಿನ ತೇವದ ಗಾಳಿ ಒಳಗೆ, ದಿನಾ ಇದೇ ಕೆಲ್ಸ, ಸ್ವಲ್ಪ ಲೂಸ್ ಇರೋ ಮುಚ್ಚಳ ಆದ್ರೂ ಕಪಾಟಲ್ಲಿ ಆದ್ರೆ ತಡೀತಿತ್ತು, ಒಲೆ ಮೇಲೆ ತಡೆಯೋದಿಲ್ಲ.

ಕಾಳಿನದ್ದೇ ತೇವ ಇರ್ಬಹುದಾ ಅಂತ ನೋಡ್ಲಿಕ್ಕೆ ರೈತರು ಮಾಡೋ ಒಂದು ಉಪಾಯ ಉಂಟು. ಪೂರ್ತಿ ಒಣಗಿದ ಗಾಜಿನ ಕುಪ್ಪಿಗೆ ಒಂದು ಹಿಡಿ ಕಾಳು, ಹುರಿದು ಆರಿಸಿದ ಒಂದು ಚಮಚ ಪುಡಿ ಉಪ್ಪು ಹಾಕಿ ಮುಚ್ಚಿ ಒಂದು ನಿಮಿಷ ಅಲ್ಲಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದ್ರೆ ಕಾಳಲ್ಲಿ ನೀರಿನಂಶ ಶೇಕಡಾ 15ಕ್ಕಿಂತ ಜಾಸ್ತಿ ಅಂತ ಲೆಕ್ಕ. ಆದ್ರೆ ಅಂಟದಿದ್ರೆ ಪಾಸ್ ಅಂತ ಕುಣಿಬೇಡಿ, ನಮಗೆ ಬೇಕಾದ್ದು 12ರ ಒಳಗೆ, ನಡುವೆ ಇರೋದನ್ನು ಈ ಟೆಸ್ಟ್ ಹಿಡಿಯೋದಿಲ್ಲ. ಆ ಡೌಟಿಗೆ ಮದ್ದು ಅಂದ್ರೆ ಬಿಸಿಲು, ಇಲ್ಲಾಂದ್ರೆ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿಯೋದು, ಹುರಿದು ಪೂರ್ತಿ ಆರಿಸೋದು.

ತರಕಾರಿ ವಿಷ್ಯ ಬೇರೆ. ಹೊರಗೆ ಗರಿಗರಿ ಇರ್ತದೆ ಒಳಗೆ ಹಸಿ ಇರ್ತದೆ, ಜಾಸ್ತಿ ಬಿಸಿಯಲ್ಲಿ ಬೇಗ ಒಣಗಿಸಿದ್ರೆ ಹೀಗಾಗೋದು ಗ್ಯಾರಂಟಿ, ಸಿಪ್ಪೆ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಮುಚ್ತದೆ. ಬಗ್ಗಿಸಿದ್ರೆ ಚರ್ಮದ ಹಾಗೆ ಬಗ್ಗೋದಲ್ಲ, ಟಕ್ ಅಂತ ಮುರೀಬೇಕು. ಮುರಿದ್ರೂ ನಂಬ್ಬೇಡಿ, ಒಣಗಿಸಿದ ತರಕಾರಿ ಮಾತ್ರ ಒಂದು ಕುಪ್ಪಿಯಲ್ಲಿ ಮುಕ್ಕಾಲು ಭಾಗದಷ್ಟು ಹಾಕಿ ಮುಚ್ಚಿ ಒಂದು ವಾರ ಹತ್ತು ದಿನ ಇಡಿ, ದಿನಾ ಒಮ್ಮೆ ಕುಲುಕಿಸಿ ನೋಡಿ. ಗಾಜಿಗೆ ಮಂಜು ಹಿಡಿದ್ರೆ ವಾಪಸ್ ಒಣಗಿಸ್ಬೇಕು. ಇದೊಂದು ಸ್ಟೆಪ್ಪನ್ನು ಎಲ್ಲ ಹಾರಿಸಿ ಬಿಡೋದು, ಹಬ್ಬ ನಾಳೆ ಅಂದಾಗ ಹತ್ತು ದಿನ ಎಲ್ಲಿಂದ ತರೋದು ಹೇಳಿ. ಅಷ್ಟು ಟೈಮ್ ಇಲ್ಲಾಂದ್ರೆ ತರಕಾರಿಯೇ ಬೇಡ, ನುಗ್ಗೆ ಸೊಪ್ಪು ಸಾಕು, ತೆಳು ಎಲೆ ನೆರಳಲ್ಲೇ ಬೇಗ ಒಣಗ್ತದೆ, ಕೈಯಲ್ಲಿ ತಿಕ್ಕಿದ್ರೆ ಪುಡಿ ಆದ್ರೆ ರೆಡಿ.

ಮಳೆಗಾಲದಲ್ಲೇ ಮಾಡ್ಬೇಕಾದ ಪರಿಸ್ಥಿತಿ ಬಂದ್ರೆ ಎಸಿ ಇರೋ ರೂಮಲ್ಲಿ ಅರ್ಧ ಗಂಟೆ ಎಸಿ ಓಡಿಸಿ ಆಮೇಲೆ ಅಲ್ಲಿ ಕೂತು ತುಂಬಿಸಿ, ಎಸಿ ಗಾಳಿಯ ನೀರನ್ನೂ ಎಳೀತದೆ, ಹೊರಗಿನ ಪೈಪಲ್ಲಿ ಹನಿ ಹನಿ ಬೀಳೋದು ಅದೇ. ತೇವ ಹೀರೋ ಸಿಲಿಕಾ ಜೆಲ್ ಹಾಕೋದಾದ್ರೆ ಆಹಾರಕ್ಕೆ ಅಂತ ಬರೆದಿರೋ ಪ್ಯಾಕೆಟ್ಟೇ ಹಾಕಿ, ನೀಲಿ ಹರಳಿಂದು ಕೋಬಾಲ್ಟ್ ಕ್ಲೋರೈಡ್ ಇರುವಂಥದ್ದು, ತಿನ್ನೋ ಸಾಮಾನಿನ ಹತ್ರ ಬೇಡ. ಹಾಕಿದ್ರೂ ಮುಚ್ಚಳದ ಒಳಗೆ ಅಂಟಿಸಿ, ಕಾಳಿನ ಒಳಗೆ ಹೂತಿಟ್ರೆ ಯಾರಾದ್ರೂ ಮಸಾಲೆ ಪ್ಯಾಕೆಟ್ ಅಂತ ಕತ್ತರಿಸಿ ಕುಕ್ಕರಿಗೆ ಸುರೀತಾರೆ.

ಎಷ್ಟು ಸೀಟಿ ಹಾಕಿದ್ರೂ ಕಾಳು ಬೇಯ್ತಾ ಇಲ್ಲ

ಈ ಕಂಪ್ಲೇಂಟ್ ಬಂದ್ರೆ ಎಲ್ಲರೂ ಅಂಗಡಿಯವ್ರನ್ನು ಬೈತಾರೆ, ಕೆಲವೊಮ್ಮೆ ಅದು ಸರಿಯೇ, ಆದ್ರೆ ಮೂರು ಬೇರೆ ಬೇರೆ ಕಾರಣಕ್ಕೆ ಇದೊಂದೇ ಲಕ್ಷಣ ಬರ್ತದೆ, ಅದಕ್ಕೆ ಬೈಯುವ ಮೊದ್ಲು ಬೇರೆ ಮಾಡಿ ನೋಡ್ಬೇಕು.

ಒಂದು, ಹುಳಿ. ಹುಣ್ಸೆಹುಳಿ ಪುಡಿ, ಪುನರ್ಪುಳಿ, ಆಮ್ಚೂರ್, ಟೊಮೆಟೊ ಪುಡಿ ಕಾಳಿನ ಜೊತೆಯೇ ಬೇಯಿಸಿದ್ರೆ ಕಾಳಿನ ಗೋಡೆಯಲ್ಲಿರೋ ಪೆಕ್ಟಿನ್ ಅನ್ನೋ ಅಂಟು ಕರಗೋದಿಲ್ಲ, ಕಾಳು ಮೆತ್ತಗೆ ಆಗೋದಿಲ್ಲ. ನಮ್ಮ ಅಜ್ಜಿಯಂದ್ರು ಬೇಳೆ ಬೆಂದ ಮೇಲೆಯೇ ಹುಳಿ ಹಾಕ್ತಿದ್ದದ್ದು ಸುಮ್ನೆ ಅಲ್ಲ. ಕುಪ್ಪಿ ಮಿಕ್ಸಿನಲ್ಲಿ ಎಲ್ಲ ಒಟ್ಟಿಗೆ ಸುರಿಯೋದ್ರಿಂದ ಈ ಕ್ರಮ ತಪ್ಪಿ ಹೋಗ್ತದೆ. ಉಪ್ಪು ಹಾಕಿದ್ರೆ ಬೇಳೆ ಬೇಯೋದಿಲ್ಲ ಅಂತಲೂ ಹೇಳೋರುಂಟು, ಹುಳಿಯ ಎದುರು ಉಪ್ಪಿನ ಕಾರುಬಾರು ಏನೂ ಇಲ್ಲ, ಕಾಳು ನೆನೆಸೋ ನೀರಿಗೆ ಸ್ವಲ್ಪ ಉಪ್ಪು ಹಾಕಿದ್ರೆ ಸಿಪ್ಪೆ ಇನ್ನೂ ಮೆತ್ತಗೇ ಆಗ್ತದೆ.

ಎರಡು, ನೀರು. ಬೋರ್‌ವೆಲ್ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರ್ತದೆ, ಅದು ಪೆಕ್ಟಿನ್ ಜೊತೆ ಸೇರಿ ಕಾಳನ್ನು ಗಟ್ಟಿ ಮಾಡ್ತದೆ. ನಮ್ಮ ಬಾವಿ ನೀರಲ್ಲಿ ಬೆಣ್ಣೆ ಹಾಗೆ ಬೆಂದದ್ದು ಬೇರೆ ಊರಿನ ಬೋರ್ ನೀರಲ್ಲಿ ಕಲ್ಲು. ಅದ್ರ ಮೇಲೆ ಬೆಂಗ್ಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಇರೋದು, ಅಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದೀತದೆ, ಕುಕ್ಕರ್ ಇದ್ರೆ ಅಷ್ಟು ವ್ಯತ್ಯಾಸ ಗೊತ್ತಾಗೋದಿಲ್ಲ, ಪಿಜಿಯಲ್ಲಿ ಇಂಡಕ್ಷನ್ ಮೇಲೆ ತೆರೆದ ಪಾತ್ರೆ ಇಟ್ಟು ಕುದಿಸೋ ಹುಡುಗನಿಗೆ ಚೆನ್ನಾಗಿ ಗೊತ್ತಾಗ್ತದೆ. ನೀವು ಮಂಗಳೂರಲ್ಲಿ ಟೆಸ್ಟ್ ಮಾಡಿ "ಇಪ್ಪತ್ತು ನಿಮಿಷ" ಅಂತ ಚೀಟಿ ಬರೆದಿದ್ರೆ ಅವ್ನಿಗೆ ಅದು ಸಾಕಾಗೋದಿಲ್ಲ.

ಮೂರು, ಹಳೆ ಕಾಳು. ಸೆಕೆ ಮತ್ತು ತೇವ ಎರಡೂ ಇರೋ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಳು ಒಳಗಿಂದಲೇ ಬದಲಾಗ್ತದೆ, ಆಮೇಲೆ ಎಷ್ಟು ನೆನೆಸಿದ್ರೂ ಎಷ್ಟು ಬೇಯಿಸಿದ್ರೂ ಮೆತ್ತಗೆ ಆಗೋದಿಲ್ಲ. ಸೆಕೆ ಮತ್ತು ತೇವ, ಅಂದ್ರೆ ನಮ್ಮ ಮನೆಯ ಉಗ್ರಾಣವೇ. ಅಂಗಡಿಯಿಂದ ಹೊಸತೇ ತಂದಿರ್ಬಹುದು, ಕುಪ್ಪಿಗೆ ಹಾಕಿ ಏಪ್ರಿಲಿಂದ ಸೆಪ್ಟೆಂಬರ್ ತನಕ ಇಟ್ಟದ್ದು ನಾವೇ ಅಲ್ವಾ.

ಬೇರೆ ಮಾಡೋದು ಹೀಗೆ: ಕುಪ್ಪಿಯಿಂದ ಬರೀ ಕಾಳು ಒಂದು ಹಿಡಿ ಆರಿಸಿ, ಮಸಾಲೆ ಹುಳಿ ಎಂತದೂ ಇಲ್ದೆ ಆರ್‌ಒ ಫಿಲ್ಟರ್ ನೀರಲ್ಲಿ ಬೇಯಿಸಿ. ಬೆಂದ್ರೆ ಕಾಳು ಒಳ್ಳೇದು, ತಪ್ಪು ಹುಳಿದ್ದು ಅಥವಾ ನೀರಿದ್ದು. ಅದೇ ಕಾಳನ್ನು ನಳ್ಳಿ ನೀರಲ್ಲಿ ಬೇಯಿಸಿ ಆಗಲೂ ಬೆಂದ್ರೆ ಹುಳಿದ್ದೇ. ಫಿಲ್ಟರ್ ನೀರಲ್ಲೂ ಬೇಯದಿದ್ರೆ ಕಾಳು ಹಳತು, ಅದಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದ್ರೆ ಸ್ವಲ್ಪ ದಾರಿಗೆ ಬರ್ತದೆ, ಚಿಟಿಕೆ ಅಂದ್ರೆ ಚಿಟಿಕೆ, ಜಾಸ್ತಿಯಾದ್ರೆ ಸೋಡಾ ರುಚಿಯೂ ಬರ್ತದೆ ವಿಟಮಿನ್ನೂ ಹೋಗ್ತದೆ.

ನಾಲ್ಕನೇದ್ದು ಒಂದುಂಟು, ಅದು ದೋಷ ಅಂತಲೂ ಅಲ್ಲ, ಪ್ಲಾನಿಂಗ್. ಮಸೂರ್ ಬೇಳೆ ಹದಿನೈದು ನಿಮಿಷದಲ್ಲಿ ಬೇಯ್ತದೆ, ಹುರುಳಿ ರಾತ್ರಿ ನೆನೆಸಿದ್ರೂ ಕುಕ್ಕರಲ್ಲಿ ಸುಮಾರು ಸೀಟಿ ಕೇಳ್ತದೆ, ಕುಚ್ಚಲಕ್ಕಿ ಇನ್ನೊಂದು ಕಥೆ. ಇವನ್ನು ಒಂದೇ ಕುಪ್ಪಿಯಲ್ಲಿ ಚಂದಕ್ಕೆ ಅಂತ ತುಂಬಿಸಿದ್ರೆ ಮಸೂರ್ ಗಂಜಿ ಆಗಿರ್ತದೆ ಹುರುಳಿ ಹಲ್ಲಿಗೆ ಸಿಗ್ತದೆ. ಬೇಗ ಬೇಯೋದು ಒಂದು ಕುಪ್ಪಿ, ನೆನೆಸ್ಬೇಕಾದ್ದು ಇನ್ನೊಂದು ಕುಪ್ಪಿ. ಬಣ್ಣಕ್ಕೆ ಅಂತ ಕೆಂಪು ರಾಜ್ಮಾ ಹಾಕೋರು ಸ್ವಲ್ಪ ಕೇಳಿ, ರಾಜ್ಮಾ ಅರೆಬೆಂದು ತಿಂದ್ರೆ ವಾಂತಿ ಬೇಧಿ ಆಗುವ ಒಂದು ವಿಷದಂಶ ಅದ್ರಲ್ಲುಂಟು, ಕನಿಷ್ಠ ಐದು ಗಂಟೆ ನೆನೆಸಿ ಆ ನೀರು ಚೆಲ್ಲಿ ಹೊಸ ನೀರಲ್ಲಿ ಕಡಿಮೆ ಅಂದ್ರೆ ಹತ್ತು ನಿಮಿಷ ಜೋರು ಕುದಿಸ್ಬೇಕು. ಸೂಪ್ ಮಿಕ್ಸ್ ತಗೊಂಡವ್ರು ಅಷ್ಟೆಲ್ಲ ಓದ್ತಾರೆ ಅಂತ ನನಗೆ ಭರವಸೆ ಇಲ್ಲ, ಸ್ಲೋ ಕುಕ್ಕರಲ್ಲಿ ಹಾಕಿದ್ರಂತೂ ಇನ್ನೂ ಕೆಟ್ಟದ್ದು. ನಾನಾದ್ರೆ ರಾಜ್ಮಾ ಬಿಡ್ತೇನೆ.

ಮುಚ್ಚಿದ ಕುಪ್ಪಿಯೊಳಗೆ ಹುಳ ಎಲ್ಲಿಂದ ಬಂತು

ಹೊರಗಿಂದ ಬಂದದ್ದಲ್ಲ, ಕಾಳಿನ ಜೊತೆಯೇ ಬಂದದ್ದು. ಇಡೀ ಕಾಳಿನ ಮೇಲೆ, ಮುಖ್ಯವಾಗಿ ಹೆಸರು, ಅಲಸಂಡೆ, ಕಡ್ಲೆ ಮೇಲೆ, ಕಾಳಿನ ಹುಳ ಮೊಟ್ಟೆ ಅಂಟಿಸಿ ಹೋಗಿರ್ತದೆ, ಸಣ್ಣ ಬಿಳಿ ಚುಕ್ಕೆ ಹಾಗೆ ಕಾಣ್ತದೆ, ಕನ್ನಡಕ ಹಾಕಿ ಬಿಸಿಲಲ್ಲಿ ನೋಡಿದ್ರೆ ಸಿಗ್ತದೆ. ನಮ್ಮ ಸೆಕೆಗೆ ಮೊಟ್ಟೆಯಿಂದ ಹುಳ ಆಗ್ಲಿಕ್ಕೆ ಮೂರ್ನಾಲ್ಕು ವಾರ ಸಾಕು, ಅದಕ್ಕೇ ಕೊಡುವಾಗ ಕ್ಲೀನ್ ಇದ್ದ ಕುಪ್ಪಿ ಒಂದು ತಿಂಗಳಿಗೆ ಸರಿಯಾಗಿ ಹುಳದ ಕುಪ್ಪಿ ಆಗೋದು. ಕಾಳಿನಲ್ಲಿ ದುಂಡು ತೂತು ಇದ್ರೆ ಇದೇ ಗಿರಾಕಿ. ಒಡೆದ ಬೇಳೆಗೆ ಇದ್ರ ಕಾಟ ಕಡಿಮೆ.

ಮೆಣಸಿನ ಪುಡಿ, ಕೊತ್ತಂಬರಿ ಪುಡಿಯಲ್ಲಿ ಸಣ್ಣ ಕಂದು ಹುಳ ಓಡಾಡ್ತಾ ಇದ್ರೆ ಅದು ಮಸಾಲೆ ಹುಳ, ಪ್ಲಾಸ್ಟಿಕ್ ಪ್ಯಾಕೆಟ್ ಕೊರೆದು ಹೊರಗೆ ಬರುವಂಥದ್ದು, ಹಾಗಾಗಿ ಒಳಗಿನ ಸಣ್ಣ ಪ್ಯಾಕೆಟ್ ನೋಡಿ, ತೂತು ಇದ್ರೆ ತಪ್ಪು ಮಸಾಲೆದ್ದು, ಕಾಳನ್ನು ಬೈಬೇಡಿ. ಅಕ್ಕಿ, ರವೆ ಇದ್ದಲ್ಲಿ ಜೇಡರ ಬಲೆ ಹಾಗೆ ಅಂಟು ನೂಲು ಇದ್ರೆ ಪತಂಗದ ಮರಿ.

ಮದ್ದು ಎರಡುಂಟು. ಬೇಳೆ ಕಾಳು ಕೈಗೆ ಬಿಸಿ ತಾಗುವಷ್ಟು ಸಣ್ಣ ಉರಿಯಲ್ಲಿ ಹುರಿಯೋದು, ಮೊಟ್ಟೆ ಸಾಯ್ತದೆ, ತೇವವೂ ಹೋಗ್ತದೆ, ನನಗೆ ಇದೇ ಇಷ್ಟ. ಇನ್ನೊಂದು ಫ್ರೀಜರಲ್ಲಿ ಒಂದು ವಾರ ಇಡೋದು, ಮೈನಸ್ 18 ಡಿಗ್ರಿ ಇರೋ ಫ್ರೀಜರ್ ಆಗ್ಬೇಕು, ಹಳೆ ಫ್ರಿಜ್ಜಿನ ಐಸ್ ಬಾಕ್ಸಿನ ಮೇಲೆ ಅಷ್ಟು ನಂಬಿಕೆ ಬೇಡ. ಆದ್ರೆ ಫ್ರೀಜರಿಂದ ತೆಗೆದ ಪ್ಯಾಕೆಟ್ಟನ್ನು ಕೂಡಲೇ ಬಿಚ್ಬಾರ್ದು! ನಮ್ಮ ಗಾಳಿಯಲ್ಲಿ ತಣ್ಣಗಿನ ಕಾಳಿನ ಮೇಲೆ ಒಂದು ನಿಮಿಷದಲ್ಲಿ ನೀರು ಕೂರ್ತದೆ, ಹುಳ ಸಾಯಿಸ್ಲಿಕ್ಕೆ ಹೋಗಿ ಬೂಷ್ಟು ಬರಿಸಿದ ಹಾಗೆ ಆಗ್ತದೆ. ಪ್ಯಾಕೆಟ್ ಮುಚ್ಚಿಯೇ ಇಟ್ಟು ರೂಮಿನ ಬಿಸಿಗೆ ಬಂದ ಮೇಲೆ ತೆರೀರಿ. ಒಣ ಬೇವಿನೆಲೆ, ಲವಂಗ, ಒಣಮೆಣಸು ಹಾಕೋದು ಬೇಡ ಅಂತ ಹೇಳೋದಿಲ್ಲ, ಆದ್ರೆ ಒಳಗೇ ಇರೋ ಮೊಟ್ಟೆಗೆ ಅದ್ರ ಹೆದ್ರಿಕೆ ಇಲ್ಲ.

ವಾಸನೆ, ರುಚಿ ಸರಿ ಇಲ್ಲ

ಸೂಪಿಗೆ ಸೋಪಿನ ರುಚಿ ಬಂದಿದೆ ಅಂತ ಯಾರಾದ್ರೂ ಹೇಳಿದ್ರೆ ಪಾತ್ರೆ ಸರಿ ತೊಳೀಲಿಲ್ಲ ಅಂತ ಜಗಳ ಮಾಡ್ಬೇಡಿ, ಮಸಾಲೆಯಲ್ಲಿ ತೆಂಗಿನಕಾಯಿ ಉಂಟಾ ಕೇಳಿ. ತೆಂಗಿನೆಣ್ಣೆಯಲ್ಲಿ ಲಾರಿಕ್ ಆಮ್ಲ ಜಾಸ್ತಿ, ಕೊಬ್ಬರಿಯಲ್ಲಿ ಪಸೆ ಉಳಿದ್ರೆ ಆ ಆಮ್ಲ ಕೊಬ್ಬಿನಿಂದ ಬಿಡಿಸ್ಕೊಂಡು ಬರ್ತದೆ, ಅದ್ರ ರುಚಿ ಅಪ್ಪಟ ಸೋಪು. ಹಸಿ ಕಾಯಿ ತುರಿ ಎಷ್ಟು ಕೆಂಪಗೆ ಹುರಿದ್ರೂ ಕುಪ್ಪಿ ಮಿಕ್ಸಿಗೆ ನಾನು ಹಾಕೋದಿಲ್ಲ. ನಮ್ಮ ಹುರುಳಿ ಸಾರಿಗೆ ಕಾಯಿ ಹುರಿದದ್ದು ಇಲ್ಲಾಂದ್ರೆ ಹೇಗೆ ಅಂತ ಕೇಳ್ಬಹುದು, ಚೀಟಿಯಲ್ಲಿ ಬರೀರಿ, ಕೊನೆಗೆ ಎರಡು ಚಮಚ ಕಾಯಿ ಹುರಿದು ಹಾಕಿ ಅಂತ.

ಕಮಟು ವಾಸನೆ, ಹಳೆ ಎಣ್ಣೆ ವಾಸನೆ ಬಂದ್ರೆ ಎಣ್ಣೆಯಲ್ಲಿ ಹುರಿದ ಸಾಮಾನು ಯಾವ್ದುಂಟು ನೋಡಿ, ಎಣ್ಣೆಯಲ್ಲಿ ಕರಿದ ಬೆಳ್ಳುಳ್ಳಿ, ಈರುಳ್ಳಿ, ಕರಿಬೇವು, ಎಳ್ಳು, ಗೇರುಬೀಜದ ಚೂರು. ಎಲ್ಲ ಎಣ್ಣೆ ಇಲ್ದೆ ಹುರೀಬೇಕು. ಕಹಿ ಬಂದ್ರೆ ಮೆಂತ್ಯ ಕರಟಿದ್ದು, ಬೇರೆ ಹುಡುಕ್ಬೇಡಿ. ಇಡೀ ಕುಪ್ಪಿ ಉಪ್ಪಿನಕಾಯಿ ಪರಿಮಳ ಆದ್ರೆ ಹಳೆ ಮುಚ್ಚಳದ ಉಂಗುರ ವಾಸನೆ ಹೀರ್ಕೊಂಡಿದೆ, ಎಷ್ಟು ತೊಳೆದ್ರೂ ಹೋಗೋದಿಲ್ಲ, ಮುಚ್ಚಳ ಹೊಸತು ತನ್ನಿ.

ಒಣ ಸಿಗಡಿ ಪುಡಿ ಹಾಕಿದ ಮಿಕ್ಸ್ ಮಾಡೋರಿದ್ರೆ ಆ ಕುಪ್ಪಿ, ಆ ಮಿಕ್ಸಿ ಜಾರ್, ಆ ಚಮಚ ಎಲ್ಲ ಬೇರೆ ಇಟ್ರೆ ಒಳ್ಳೇದು, ಸಸ್ಯಾಹಾರಿ ಮನೆಗೆ ಹೋಗೋ ಕುಪ್ಪಿಗೆ ಆ ಪರಿಮಳ ಹಿಡಿದ್ರೆ ಸಂಬಂಧ ಕೆಡ್ತದೆ.

ಒಮ್ಮೆ ಉಪ್ಪು ವಿಪರೀತ, ಒಮ್ಮೆ ಸಪ್ಪೆ

ಇದು ಅಳತೆ ತಪ್ಪಲ್ಲ, ಪದರದ ತಪ್ಪು. ದೊಡ್ಡ ಕಾಳಿನ ಸಂದಿನಲ್ಲಿ ಸಣ್ಣ ಪುಡಿ ಇಳಿದು ಇಳಿದು ತಳಕ್ಕೆ ಹೋಗ್ತದೆ, ಉಡುಪಿಯಿಂದ ಬಸ್ಸಲ್ಲಿ ಶಿರಾಡಿ ಘಾಟಿ ಹತ್ತಿ ಹೋದ ಕುಪ್ಪಿಯಲ್ಲಿ ಪದರವೂ ಇಲ್ಲ ಚಂದವೂ ಇಲ್ಲ. ತಗೊಂಡವ್ರು ಅರ್ಧ ಕುಪ್ಪಿ ಇವತ್ತು ಅರ್ಧ ಇನ್ನೊಂದು ದಿನ ಅಂತ ಮಾಡಿದ್ರೆ ಮೊದ್ಲ ದಿನ ಬರೀ ಕಾಳು, ಎರಡನೇ ದಿನ ಬರೀ ಮಸಾಲೆ. ಪುಡಿಯೆಲ್ಲ ಪ್ಯಾಕೆಟ್ಟಲ್ಲಿ ಹಾಕಿ ಮೇಲೆ ಇಟ್ರೆ ಈ ರಗಳೆಯೇ ಇಲ್ಲ. ಕಾಳಿನ ಪದರ ಕದಡಬಾರ್ದು ಅಂತಾದ್ರೆ ಕುಪ್ಪಿ ಕಂಠದ ತನಕ ಕುಟ್ಟಿ ಕುಟ್ಟಿ ತುಂಬಿಸಿ, ಜಾಗ ಇದ್ರೆ ಮಾತ್ರ ಅಲ್ಲಾಡೋದು.

ಅಳತೆ ಬೇಕಾದ್ರೆ, 500 ಎಂಎಲ್ ಕುಪ್ಪಿಗೆ ಹತ್ತಿರ ಹತ್ತಿರ 400 ಗ್ರಾಂ ಬೇಳೆ ಕಾಳು ಹಿಡೀತದೆ, ಅದಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು, ಉಪ್ಪು ಸಣ್ಣ ಚಮಚದಲ್ಲಿ ನಾಲ್ಕರ ಹತ್ರ. ಇದು ಆರೆಂಟು ಜನಕ್ಕೆ ಆಗುವಷ್ಟು ಸೂಪು. ಬೇಳೆ ನೊರೆ ಬರೋದ್ರಿಂದ ಕುಕ್ಕರಲ್ಲಿ ಅರ್ಧಕ್ಕಿಂತ ಮೇಲೆ ತುಂಬಿಸ್ಬಾರ್ದು, ಮೂರು ಲೀಟರ್ ಕುಕ್ಕರ್ ಇರೋ ಸಣ್ಣ ಸಂಸಾರಕ್ಕೆ ದೊಡ್ಡ ಕುಪ್ಪಿ ಕೊಟ್ರೆ ಸೀಟಿ ಜೊತೆ ಗೋಡೆಗೂ ಸೂಪ್. ಅಂಥವ್ರಿಗೆ 200 ಎಂಎಲ್‌ದು ಎರಡು ಕುಪ್ಪಿ ಕೊಡಿ.

ಬಣ್ಣ ಮಾಸಿದ್ರೆ ಬೆಳಕಿನ ಕೆಲ್ಸ. ಅರಿಶಿನ, ಬ್ಯಾಡಗಿ ಮೆಣಸು ಎರಡರ ಬಣ್ಣವೂ ಬಿಸಿಲಿಗೆ ಹೋಗ್ತದೆ, ಶೋಗೆ ಅಂತ ಕಿಟಕಿಯಲ್ಲಿ ಇಟ್ಟಿರ್ತಾರೆ. ತಿನ್ಲಿಕ್ಕೆ ಅಡ್ಡಿ ಇಲ್ಲ.

ಚೀಟಿ ಮತ್ತು ದೂರದ ಪಾರ್ಸೆಲ್

ಚೀಟಿ ಮುಚ್ಚಳಕ್ಕೆ ನೂಲಲ್ಲಿ ಕಟ್ಬೇಡಿ, ಕುಪ್ಪಿಗೇ ಅಂಟಿಸಿ, ಕಟ್ಟಿದ್ದು ಮೊದ್ಲ ದಿನವೇ ಕಾಣೆ. ಚೀಟಿಯಲ್ಲಿ ತುಂಬಿಸಿದ ತಾರೀಕು ಬರೀರಿ, ಸೂಪ್ ಯಾವ್ದು ಅಂತ ಬರೀರಿ, ಎಷ್ಟು ನೀರು, ನೆನೆಸ್ಬೇಕಾ ಬೇಡ್ವಾ, ಹುಳಿ ಪ್ಯಾಕೆಟ್ ಕಾಳು ಬೆಂದ ಮೇಲೆ ಅಂತ ಸ್ವಲ್ಪ ದೊಡ್ಡ ಅಕ್ಷರದಲ್ಲಿ. ಇಂಗು ಹಾಕಿದ್ರೆ ಅದನ್ನೂ ಬರೀಬೇಕು, ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಸೇರಿಸಿರ್ತಾರೆ, ಗೋಧಿ ಆಗದವ್ರಿಗೆ ಬರೀ ಬೇಳೆ ಸೂಪಲ್ಲಿ ಗೋಧಿ ಉಂಟು ಅಂತ ಹೇಗೆ ಗೊತ್ತಾಗ್ಬೇಕು. ಗೇರುಬೀಜ, ಎಳ್ಳು, ಸಿಗಡಿ ಇದ್ರೆ ಅದೂ.

ಬಾಳಿಕೆ ಎಷ್ಟು ಅಂತ ಕೇಳಿದ್ರೆ, ಡಿಸೆಂಬರ್ ಜನವರಿಯ ಒಣ ಮಧ್ಯಾಹ್ನ ತುಂಬಿಸಿದ ಬರೀ ಬೇಳೆ ಕಾಳಿನ ಕುಪ್ಪಿ ಮಳೆಗಾಲದ ಮೊದ್ಲು ಮುಗಿಸಿ ಅಂತ ನಾನು ಹೇಳ್ತೇನೆ. ತರಕಾರಿ ಇದ್ರೆ ಎರಡು ತಿಂಗಳು. ಒಮ್ಮೆ ಮುಚ್ಚಳ ತೆರೆದ್ರೆ ಪೂರ್ತಿ ಬಳಸಿ, ಇಲ್ಲಾಂದ್ರೆ ಫ್ರಿಜ್ಜಲ್ಲಿ.

ದುಬೈ, ಅಬುಧಾಬಿ, ಸೌದಿಗೆ ಹೋಗೋರ ಕೈಯಲ್ಲಿ ಕೊಡೋದಾದ್ರೆ ಮಸಾಲೆಯಲ್ಲಿ ಗಸಗಸೆ ಒಂದು ಕಾಳೂ ಇರ್ಬಾರ್ದು, ಅಲ್ಲಿ ಅದು ನಿಷೇಧ, ಮಾದಕ ವಸ್ತು ಲೆಕ್ಕದಲ್ಲಿ ಬರ್ತದೆ, ಸೂಪ್ ಮಿಕ್ಸಿಗೋಸ್ಕರ ಏರ್‌ಪೋರ್ಟಲ್ಲಿ ಕೂರುವ ಗತಿ ಯಾರಿಗೂ ಬೇಡ. ಗಾಜಿನ ಕುಪ್ಪಿಯೂ ಬೇಡ, ಕಾಳನ್ನು ದಪ್ಪ ಪೌಚಲ್ಲಿ ಸೀಲ್ ಮಾಡಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಮಸಾಲೆ ಪ್ಯಾಕೆಟ್ ಬೇರೆ ಪೌಚ್, ಚೀಟಿ ಒಳಗೆ. ಖಾಲಿ ಕುಪ್ಪಿ ಅಲ್ಲಿಯೇ ಸಿಗ್ತದೆ.